ಮಂಗಳವಾರದ ಚೀಟಿ, ಗುಳೆ ಹೋದ ರೋಗಿ

ಬಳ್ಳಾರಿಗೆ ಗಣಿ, ಬಿಸಿಲಿನಾಚೆಗೂ ಒಂದು ಹೆಸರಿದೆ. 1980ರ ದಶಕದಲ್ಲಿ ನಿಮ್ಹಾನ್ಸ್ ತಜ್ಞರು ಆ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆ ಮತ್ತು ಮೂರ್ಛೆರೋಗಕ್ಕೆ ಊರ ಹತ್ತಿರವೇ ಔಷಧ ಸಿಗುವಂತೆ ಮಾಡಿದರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಈ ‘ಬಳ್ಳಾರಿ ಮಾದರಿ’ಯೇ ಬುನಾದಿ.

ಮಾದರಿ ದೇಶ ಸುತ್ತಿತು. ಮನೋವೈದ್ಯರು ಮಾತ್ರ ದೊಡ್ಡ ಊರುಗಳನ್ನು ಬಿಟ್ಟು ಕದಲಲಿಲ್ಲ.

2015–16ರ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ವಯಸ್ಕರಲ್ಲಿ ಶೇ 10.6ರಷ್ಟು ಮಂದಿಗೆ ಒಂದಲ್ಲ ಒಂದು ಮಾನಸಿಕ ತೊಂದರೆ ಇತ್ತು. ಬಹುತೇಕರಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲ. ಸಮೀಕ್ಷೆಯ ನೇತೃತ್ವ ಬೆಂಗಳೂರಿನ ನಿಮ್ಹಾನ್ಸ್‌ನದು; ಆದರೆ ಆಯ್ಕೆಯಾದ 12 ರಾಜ್ಯಗಳಲ್ಲಿ ಕರ್ನಾಟಕವೇ ಇರಲಿಲ್ಲ! ಕೋಲಾರದಲ್ಲಿ ಪೂರ್ವಭಾವಿ ಪರೀಕ್ಷೆ ನಡೆದದ್ದಷ್ಟೇ. ಹೀಗಾಗಿ ಯಾದಗಿರಿಯ ಅಗತ್ಯವೇನು, ಉಡುಪಿಯದೇನು ಎಂಬ ಲೆಕ್ಕ ಅದರಲ್ಲಿ ಸಿಗುವುದಿಲ್ಲ. ಆರೋಗ್ಯ ಇಲಾಖೆ ಎಣಿಸುವುದು ಆಸ್ಪತ್ರೆಗೆ ಬಂದವರನ್ನು. ನಿಜವಾದ ಅಗತ್ಯವಿರುವುದು ಬಾರದವರಲ್ಲಿ.

ಬಾರದಿರಲು ಕಾರಣಗಳೂ ಸಣ್ಣವಲ್ಲ. ‘ಮನೋಚೈತನ್ಯ’ ಯೋಜನೆಯಡಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ. ಯೋಜನೆ ಒಳ್ಳೆಯದೇ. ಆದರೆ ದೇವದುರ್ಗದ ತಾಂಡಾವೊಂದರಿಂದ ಸ್ಕಿಜೋಫ್ರೇನಿಯಾ ಇರುವ ಮಗನನ್ನು ಕರೆತರುವ ತಾಯಿಯ ಲೆಕ್ಕವೇ ಬೇರೆ. ‘ಶಕ್ತಿ’ ಯೋಜನೆಯಿಂದ ಆಕೆಗೆ ಬಸ್ಸು ಉಚಿತ, ಮಗನಿಗೆ ಟಿಕೆಟ್ಟು. ಆಕೆಯ ಆ ದಿನದ ಕೂಲಿ ಹೋದಂತೆಯೇ. ಬೆಳಿಗ್ಗೆ ಚೀಟಿ ಮಾಡಿಸಿ ಸರದಿಯಲ್ಲಿ ನಿಂತು, ಕೊನೆಗೆ ‘ಈ ಮಾತ್ರೆ ಸ್ಟಾಕ್ ಇಲ್ಲ, ಹೊರಗೆ ತಗೊಳ್ಳಿ’ ಎಂಬ ಉತ್ತರ ಸಿಕ್ಕರೆ ಮುಂದಿನ ಸಲ ಆಕೆ ಬಂದಾಳೆಂದು ನಂಬುವುದು ಹೇಗೆ? ಗಾಳಿ ಸೋಕಿದೆ ಎಂದು ತಾಯತ ಕಟ್ಟಿಸುವ ಜನರ ಮೌಢ್ಯವನ್ನು ದೂರುವ ಮುನ್ನ ಈ ಲೆಕ್ಕವನ್ನೂ ನೋಡಬೇಕು: ತಾಯತ ಕಟ್ಟುವವರು ಊರಲ್ಲೇ ಸಿಗುತ್ತಾರೆ.

ಇನ್ನು ಗುಳೆ. ಸುಗ್ಗಿ ಮುಗಿದ ಮೇಲೆ ಕಲ್ಯಾಣ ಕರ್ನಾಟಕದ ಎಷ್ಟೋ ಕುಟುಂಬಗಳು ಬೆಂಗಳೂರು, ಪುಣೆಯ ಕಟ್ಟಡ ಕೆಲಸಕ್ಕೆ ಹೊರಡುತ್ತವೆ. ರೋಗಿಯೂ ಜತೆಗೆ ಹೋಗುತ್ತಾನೆ, ಕಡತ ತಾಲ್ಲೂಕಿನಲ್ಲೇ ಉಳಿಯುತ್ತದೆ. ತಿಂಗಳ ಮಾತ್ರೆ ಮುಗಿದಾಗ ಅಪರಿಚಿತ ನಗರದಲ್ಲಿ ಮತ್ತೆ ಮೊದಲಿಂದ ಶುರು. ಮಾತ್ರೆ ನಿಂತರೆ ಮರುಕಳಿಸುವುದು ಸ್ಕಿಜೋಫ್ರೇನಿಯಾದಂಥ ಕಾಯಿಲೆಯ ಗುಣ. 2022ರ ಅಕ್ಟೋಬರ್‌ನಲ್ಲಿ ಶುರುವಾದ ‘ಟೆಲಿ ಮಾನಸ್’ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು, ನಿಜ. ಆತಂಕದಲ್ಲಿರುವ ವಿದ್ಯಾರ್ಥಿಗೆ ಅದು ಆಸರೆ. ತನಗೆ ಕಾಯಿಲೆಯಿದೆ ಎಂದೇ ಒಪ್ಪದವನು ಫೋನೆತ್ತುವುದು ಅಪರೂಪ.

ಮಲೆನಾಡಿನ ತೀರ್ಥಹಳ್ಳಿ ತಾಲ್ಲೂಕಿನಲ್ಲಿ ನಿಮ್ಹಾನ್ಸ್ 2005ರ ಆಸುಪಾಸಿನಿಂದ ಬೇರೆ ದಾರಿ ಹಿಡಿಯಿತು. ಅಲ್ಲಿ ಸ್ಕಿಜೋಫ್ರೇನಿಯಾ ಇರುವವರನ್ನು ಗುರುತಿಸಿ, ಔಷಧ ಕೊಟ್ಟು, ವರ್ಷಗಟ್ಟಲೆ ಬೆನ್ನುಹತ್ತಿ ನೋಡಿಕೊಂಡರು. ಕಲಬುರಗಿ, ರಾಯಚೂರಿಗೆ ಅದನ್ನು ಹಾಗೆಯೇ ಎತ್ತಿಟ್ಟರೆ ಸಾಲದು; ಮಲೆನಾಡಿನ ಕಷ್ಟ ಬೇರೆ, ಗುಳೆಯ ಸೀಮೆಯದು ಬೇರೆ. ಇಲ್ಲಿ ಮೊದಲು ಆಶಾ ಕಾರ್ಯಕರ್ತೆಯರ ಕೈಯಲ್ಲಿ ಪ್ರತಿ ಹಳ್ಳಿಯ ರೋಗಿಗಳ ಪಟ್ಟಿ ಇರಬೇಕು. ಗುಳೆ ಹೊರಡುವವರಿಗೆ, ವೈದ್ಯರು ಒಪ್ಪಿದರೆ, ಎರಡು ತಿಂಗಳ ಮಾತ್ರೆ ಒಟ್ಟಿಗೆ ಕೊಡಬೇಕು. ಬೆಂಗಳೂರಿನ ಯಾವ ಸರ್ಕಾರಿ ಆರೋಗ್ಯ ಕೇಂದ್ರದಲ್ಲಾದರೂ ನಡೆಯುವ ಚಿಕಿತ್ಸಾ ಪುಸ್ತಕವನ್ನೂ ಕೈಗಿಡಬೇಕು. ಇದಕ್ಕೆ ಹೊಸ ಆಸ್ಪತ್ರೆ ಕಟ್ಟಬೇಕಿಲ್ಲ, ಇಲಾಖೆಯ ಒಂದು ಸುತ್ತೋಲೆ ಮತ್ತು ಉಗ್ರಾಣದಲ್ಲಿ ಸಾಕಷ್ಟು ಮಾತ್ರೆ ಇದ್ದರೆ ಆರಂಭಿಸಬಹುದು.