ಅಪರೂಪ ಎಂಬ ನೆಪ

ವೈದ್ಯಶಾಸ್ತ್ರದಲ್ಲಿ ‘ಅಪರೂಪ’ ಎನ್ನುವುದು ಒಂದು ಲೆಕ್ಕ. ನಮ್ಮ ದವಾಖಾನೆಗಳಲ್ಲಿ ಅದೊಂದು ನೆಪವಾಗಿದೆ. ಸಾವಿರದಲ್ಲಿ ಇಬ್ಬರಿಗೋ ಐವರಿಗೋ ಆಗುವುದನ್ನು ಹೇಳಿ ಎಲ್ಲರನ್ನೂ ಯಾಕೆ ಹೆದರಿಸಬೇಕು ಎಂಬ ಮಾತು ಕೇಳಿದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ. ನಾನು ವೈದ್ಯನಲ್ಲ, ಕಲಬುರಗಿಯಲ್ಲಿ ಕನ್ನಡ ಭಾಷೆಯ ಮೇಲೆ ಪಿಎಚ್‌.ಡಿ. ಮಾಡುತ್ತಿರುವವನು. ಆದರೆ ಇಲ್ಲಿ ರೋಗಿಯನ್ನು ಅಪಾಯಕ್ಕೆ ತಳ್ಳುತ್ತಿರುವುದರಲ್ಲಿ ಭಾಷೆಯ ಪಾಲೂ ಇದೆ.

ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡತೊಡಗಿದರೆ ಕಾರ್ಬಿಮಜೋಲ್ ಗುಳಿಗೆ ಕೊಡುತ್ತಾರೆ. ಎದೆಬಡಿತ, ಕೈನಡುಕ ಹತೋಟಿಗೆ ಬರುತ್ತವೆ. ಸಾಮಾನ್ಯವಾಗಿ 12ರಿಂದ 18 ತಿಂಗಳು, ಕೆಲವರು ವರ್ಷಗಟ್ಟಲೆ ನುಂಗುತ್ತಾರೆ. ಒಳ್ಳೆಯ ಔಷಧಿಯೇ. ಆದರೆ ಕೆಲವೇ ಕೆಲವರಲ್ಲಿ, ಹೆಚ್ಚಾಗಿ ಮೊದಲ 3 ತಿಂಗಳಲ್ಲಿ, ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಬಿಳಿ ರಕ್ತಕಣಗಳ ಮೇಲೆ ತಿರುಗಿ ಬೀಳುತ್ತದೆ. ಸೋಂಕಿನೊಡನೆ ಹೋರಾಡುವ ನ್ಯೂಟ್ರೊಫಿಲ್‌ಗಳು ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕೆಳಗಿಳಿಯುತ್ತವೆ. ಇದಕ್ಕೆ ಅಗ್ರಾನ್ಯುಲೊಸೈಟೋಸಿಸ್ ಎಂದು ಹೆಸರು. ಬಿಟ್ಟ ಗುಳಿಗೆಯನ್ನು ಮತ್ತೆ ಶುರು ಮಾಡಿದಾಗಲೂ ಆಗಬಹುದು. ಕಳೆದ ವಾರದ ರಕ್ತಪರೀಕ್ಷೆ ಸರಿ ಇತ್ತೆಂದು ನಿಶ್ಚಿಂತೆಯಿಂದ ಇರುವಂತಿಲ್ಲ, ಯಾಕೆಂದರೆ ಕುಸಿತ ದಿಢೀರನೆ ಬರುತ್ತದೆ. ಗರ್ಭದ ಮೊದಲ ತಿಂಗಳುಗಳಲ್ಲಿ ಹೆಚ್ಚಾಗಿ ಕೊಡುವ ಇದರ ಬಂಧು ಪ್ರೊಪೈಲ್‌ಥಯೋಯುರಾಸಿಲ್ ಅನ್ನು ವರ್ಷಗಟ್ಟಲೆ ತೆಗೆದುಕೊಂಡ ಕೆಲವರಲ್ಲಿ ರಕ್ತನಾಳಗಳೇ ಉರಿಯೂತಕ್ಕೆ ಸಿಕ್ಕು, ಮೂತ್ರಪಿಂಡ, ಶ್ವಾಸಕೋಶಗಳಿಗೆ ಪೆಟ್ಟು ಬಿದ್ದದ್ದೂ ಇದೆ.

ಕಮಲಾಪುರದ ನನ್ನ ಕಾಕಿಗೆ ಗುಳಿಗೆ ಶುರುವಾಗಿ ಎರಡು ತಿಂಗಳಾಗಿತ್ತು. ಜ್ವರ ಬಂತು, ಗಂಟಲಲ್ಲಿ ನೀರೂ ಇಳಿಯದಾಯಿತು. ಊರಲ್ಲೇ ಸೂಜಿ ಮಾಡಿಸಿಕೊಂಡರು. ಥೈರಾಯ್ಡ್ ಗುಳಿಗೆಯನ್ನು ಮಾತ್ರ ಒಂದು ದಿನವೂ ತಪ್ಪಿಸಲಿಲ್ಲ, ತಪ್ಪಿಸಬಾರದೆಂದು ಹೇಳಿದ್ದರಲ್ಲ! ನಾಲ್ಕನೇ ದಿನ ಕಲಬುರಗಿಯಲ್ಲಿ ರಕ್ತ ತೋರಿಸಿದಾಗ ಬಿಳಿ ಕಣಗಳು ಇಲ್ಲವೆನ್ನುವಷ್ಟು ಇಳಿದಿದ್ದವು. ಹೇಗೋ ಉಳಿದರು. ಆಮೇಲೆ ಅವರು ಕೇಳಿದ್ದು ಇಷ್ಟೇ: ‘ಜ್ವರ ಬಂದ್ರ ಗುಳಗಿ ಬಿಡಬೇಕಂತ ನನಗ ಯಾರ್ ಹೇಳಿದ್ರಪಾ?’

ಯಾರೂ ಹೇಳಿರಲಿಲ್ಲ. ಅವರ ಗುಳಿಗೆಯ ಡಬ್ಬಿಯೊಳಗೆ ಮಡಚಿಟ್ಟ ಚೀಟಿಯಲ್ಲಿ ಎಲ್ಲವೂ ಇತ್ತು, ಇಂಗ್ಲಿಷಿನಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ.

ವೈದ್ಯರಿಗೆ ಸಮಯವಿಲ್ಲ, ಹೊರಗೆ ನೂರು ಜನ ಕಾಯುತ್ತಿರುತ್ತಾರೆ ಎನ್ನುತ್ತಾರೆ. ಒಪ್ಪೋಣ. ಆದರೆ ಬೇಕಾದದ್ದು ಉಪನ್ಯಾಸವೇನಲ್ಲ, ಎರಡು ಮಾತು: ‘ಈ ಗುಳಗಿ ತಗೊಳೋವಾಗ ಜ್ವರ ಬಂದ್ರ, ಗಂಟಲ ನೋವಾದ್ರ, ಬಾಯಾಗ ಹುಣ್ಣಾದ್ರ ಗುಳಗಿ ನಿಲ್ಸಿ ಅವತ್ತೇ ರಕ್ತ ತೋರಸ್ರಿ. ಏನೂ ಆಗಲಿಲ್ಲಂದ್ರ ನಿಮ್ಮಷ್ಟಕ್ಕ ನೀವೇ ಗುಳಗಿ ಬಿಡಬ್ಯಾಡ್ರಿ.’ ಹೇಳಲು ಅರ್ಧ ನಿಮಿಷ ಸಾಕು. ಅದೂ ಆಗದಿದ್ದರೆ ರಬ್ಬರ್ ಸ್ಟ್ಯಾಂಪ್ ಮಾಡಿಸಿ ಚೀಟಿಯ ಮೇಲೆ ಒತ್ತಲಿ. ಜನ ಹೆದರುತ್ತಾರೆಂಬ ವಾದವಂತೂ ಜನರನ್ನು ಮಕ್ಕಳೆಂದು ಬಗೆಯುವ ವಾದ. ಮಳೆಯನ್ನೇ ನಂಬಿ ತೊಗರಿ ಬಿತ್ತುವ ನಾಡಿನವರಿಗೆ ಸಾವಿರಕ್ಕೆ ಐದರ ಅಪಾಯ ಅರ್ಥವಾಗುವುದಿಲ್ಲವೇ?

ಇನ್ನು ನಾವು, ಸಾಹಿತ್ಯದ ಮಂದಿ. ಕವಿರಾಜಮಾರ್ಗದ ಕಾಲದ ರಾಜಧಾನಿ ಮಳಖೇಡ ನಮ್ಮದೇ ಜಿಲ್ಲೆಯಲ್ಲಿದೆ ಎಂದು ವೇದಿಕೆ ಸಿಕ್ಕಲ್ಲೆಲ್ಲ ಹೇಳುತ್ತೇವೆ. 2008ರಲ್ಲಿ ಸಿಕ್ಕ ಶಾಸ್ತ್ರೀಯ ಸ್ಥಾನಮಾನದ ಬಗ್ಗೆ ವಿಚಾರಸಂಕಿರಣ ಮಾಡುತ್ತೇವೆ. ಗುಳಿಗೆಯ ಡಬ್ಬಿಯ ಮೇಲೆ ಕನ್ನಡ ಬೇಕೆಂದು ಎಷ್ಟು ಸಲ ಕೇಳಿದ್ದೇವೆ? ಸ್ವತಃ ವೈದ್ಯೆಯಾಗಿದ್ದ ಅನುಪಮಾ ನಿರಂಜನ ಕಾದಂಬರಿ ಬರೆದ ಕೈಯಲ್ಲೇ ‘ತಾಯಿ ಮಗು’, ‘ಕೇಳು ಕಿಶೋರಿ’ ಬರೆದರು. ಅಂಥ ಬರವಣಿಗೆಯನ್ನು ನಾವು ಸಾಹಿತ್ಯ ಚರಿತ್ರೆಯ ಅಡಿಟಿಪ್ಪಣಿಗೆ ತಳ್ಳಿದ್ದೇವೆ.

ಅಗ್ರಾನ್ಯುಲೊಸೈಟೋಸಿಸ್ ಎಂಬ ಪದಕ್ಕೆ ಕನ್ನಡದ ಪದ ಹುಡುಕುವ ಸಮಿತಿ ಬೇಡ. ರೋಗಿಗೆ ಬೇಕಾದ ಪದಗಳು ಆಕೆಯ ಬಾಯಲ್ಲೇ ಇವೆ: ಜ್ವರ, ಗಂಟಲು, ಹುಣ್ಣು, ರಕ್ತ. ಅವನ್ನು ಗುಳಿಗೆಯ ಜೊತೆ ಆಕೆಯ ಕೈಗೆ ಕೊಡುವುದಷ್ಟೇ ಬಾಕಿ.