ಕಾಲೂಗೆ ಚಂದಾ ಸಿಕ್ಕಿತು, ಜಾಗ ಸಿಗಲಿಲ್ಲ

ನಮ್ಮ ಕಾಲೇಜಿನ ಗೇಟಿನ ಪಕ್ಕ ಮಲಗಿರುತ್ತಿದ್ದ ಕರಿ ನಾಯಿಯನ್ನು ನೀವೆಲ್ಲ ನೋಡಿದ್ದೀರಿ. ಅದರ ಹೆಸರು ಕಾಲೂ. ಉರ್ದುವಿನಲ್ಲಿ ಕಾಲಾ ಎಂದರೆ ಕಪ್ಪು, ಅದಕ್ಕೇ ಆ ಹೆಸರು. ನವೆಂಬರ್ ಕೊನೆಯ ವಾರ ತರೀಕೆರೆ ರಸ್ತೆಯಲ್ಲಿ ಒಂದು ಗೂಡ್ಸ್ ಗಾಡಿಯ ಚಕ್ರ ಅದರ ಹಿಂಗಾಲಿನ ಮೇಲೆ ಹರಿಯಿತು. "ಕಾಲೂವಿನ ಕಾಲು ಮುರಿದಿದೆ" ಎಂದು ನಾನು ತರಗತಿಯಲ್ಲಿ ಹೇಳಿದಾಗ ಹಿಂದಿನ ಬೆಂಚಿನವರು ನಕ್ಕರು. ಕನ್ನಡ ಮೇಡಂ ಅವರಿಗೂ ನಗು ಬಂತು. ಆಮೇಲೆ ಮೊದಲ ಐನೂರು ರೂಪಾಯಿ ಕೊಟ್ಟವರೂ ಅವರೇ.

ನಾವು ಎಷ್ಟು ಒಳ್ಳೆಯ ಕೆಲಸ ಮಾಡಿದೆವು ಎಂದು ಹೇಳಲು ಇದನ್ನು ಬರೆಯುತ್ತಿಲ್ಲ. ಆ ಮಾತು ಎಲ್ಲರ ಸ್ಟೇಟಸ್‌ನಲ್ಲಿ ಬೇಕಾದಷ್ಟು ಬಂದಾಗಿದೆ. ಗಾಯಗೊಂಡ ಪ್ರಾಣಿಗೆಂದು ನಾವು ಹಣ ಕೂಡಿಸುವ ರೀತಿಯಲ್ಲೇ ಒಂದು ತಪ್ಪಿದೆ ಎಂಬುದು ನನ್ನ ಅಭಿಪ್ರಾಯ. ಆ ತಪ್ಪು ಮಾಡಿದವರಲ್ಲಿ ನಾನೇ ಮೊದಲಿನವಳು.

ಗಾಡಿ ಹರಿದ ಮೇಲೆ ಕಾಲೂ ಮೂರು ದಿನ ಚರಂಡಿ ಪಕ್ಕದ ಪೊದೆಯೊಳಗೆ ಬಿದ್ದಿತ್ತು. ನಮ್ಮ ಕಣ್ಣಿಗೆ ಬೀಳುವಷ್ಟರಲ್ಲಿ ಗಾಯಕ್ಕೆ ಹುಳ ಹತ್ತಿತ್ತು. ಸಿಮೆಂಟ್ ಚೀಲದ ಮೇಲೆ ಮಲಗಿಸಿ ಎತ್ತುವಾಗ ನೋವಿಗೆ ಅದು ನಮ್ಮ ತರಗತಿಯ ಒಬ್ಬ ಹುಡುಗನ ಕೈಗೆ ಹಲ್ಲು ಊರಿತು. ಇದನ್ನು ಮುಚ್ಚಿಡಬಾರದು. ಅವನು ಹದಿನೈದು ನಿಮಿಷ ನಲ್ಲಿ ನೀರಿನಲ್ಲಿ ಸೋಪು ಹಾಕಿ ಕೈ ತೊಳೆದ, ಸರ್ಕಾರಿ ಆಸ್ಪತ್ರೆಗೆ ನಾಲ್ಕು ಸಲ ಹೋಗಿ ರೇಬಿಸ್ ಇಂಜೆಕ್ಷನ್ ಪೂರ್ತಿ ಹಾಕಿಸಿಕೊಂಡ. ಸಾಕಿದ ನಾಯಿಯಾದರೂ ನೋವಿನಲ್ಲಿದ್ದಾಗ ಕಚ್ಚುತ್ತದೆ, ಎತ್ತುವ ಮೊದಲು ಟವೆಲ್‌ನಿಂದ ಬಾಯಿ ಕಟ್ಟಬೇಕು ಎಂದು ಸರ್ಕಾರಿ ಪಶು ಆಸ್ಪತ್ರೆಯ ಡಾಕ್ಟರು ನಮಗೆ ಬೈದರು.

ಬೈದ ಅವರೇ ಹುಳ ತೆಗೆದು, ಗಾಯ ತೊಳೆದು, ಇಂಜೆಕ್ಷನ್ ಕೊಟ್ಟರು. ಮೂಳೆ ಪುಡಿಯಾಗಿದೆ, ಪಾದ ತಣ್ಣಗಾಗಿದೆ, ಅಂದರೆ ಅಲ್ಲಿಗೆ ರಕ್ತ ಹೋಗುತ್ತಿಲ್ಲ ಎಂದರು. ಕಾಲು ತೆಗೆಯದಿದ್ದರೆ ನಂಜು ಮೈಗೆಲ್ಲ ಏರಿ ನಾಯಿ ಸಾಯುತ್ತದೆ. ತೆಗೆಯುವುದಾದರೆ ತೊಡೆಯ ಮೇಲ್ಭಾಗದಲ್ಲೇ ತೆಗೆಯಬೇಕು, ಮೊಂಡು ಬಿಟ್ಟರೆ ನಾಯಿ ಅದನ್ನು ನೆಲಕ್ಕೆ ಊರಲು ಹೋಗಿ ಮತ್ತೆ ಹುಣ್ಣು ಮಾಡಿಕೊಳ್ಳುತ್ತದೆ. ನಾಯಿಯ ಮೈಭಾರ ಹೆಚ್ಚಾಗಿ ಮುಂಗಾಲುಗಳ ಮೇಲೆ ಇರುವುದರಿಂದ ಒಂದು ಹಿಂಗಾಲು ಹೋದರೂ ಅದು ಚೆನ್ನಾಗಿಯೇ ಓಡಾಡುತ್ತದಂತೆ. ಅಲ್ಲಿಯವರೆಗೆ ನಾನು, ಕಾಲಿಲ್ಲದೆ ಬದುಕುವುದಕ್ಕಿಂತ ಸಾಯುವುದೇ ಮೇಲು ಎಂದುಕೊಂಡಿದ್ದೆ. ಆಪರೇಷನ್ ಶಿವಮೊಗ್ಗದಲ್ಲಿ ಮಾಡಿಸಿ ಎಂದು ಚೀಟಿ ಬರೆದುಕೊಟ್ಟರು.

ಹಣ ಕೂಡಿಸುವುದು ನಾವು ಹೆದರಿದಷ್ಟು ಕಷ್ಟವಾಗಲಿಲ್ಲ. ಎರಡೇ ದಿನದಲ್ಲಿ ತರಗತಿಗಳಿಂದ, ಸ್ಟಾಫ್ ರೂಮಿನಿಂದ, ಮೊಹಲ್ಲಾದ ಅಂಗಡಿಗಳಿಂದ, ಆಟೋ ಸ್ಟ್ಯಾಂಡಿನಿಂದ ಬಂತು. ಒಬ್ಬ ಅಂಗಡಿಯವರು ಜಕಾತ್ ಹಣ ಕೊಡಲೇ ಎಂದು ಕೇಳಿದರು. ನಮ್ಮ ಮಸೀದಿಯ ಮೌಲಾನಾ ಸಾಹೇಬರನ್ನು ವಿಚಾರಿಸಿದೆವು. ಜಕಾತ್ ಯಾರಿಗೆ ಸಲ್ಲಬೇಕು ಎಂದು ಕುರ್‌ಆನ್ ಎಂಟು ವರ್ಗಗಳನ್ನು ಹೇಳಿದೆ, ಅದು ಮನುಷ್ಯರ ಹಕ್ಕು, ನಾಯಿಗೆ ಸದಖಾದಿಂದ ಕೊಡಿ ಎಂದರು. ನಮಗೆ ಇದು ಸರಿ ಎನಿಸಿತು.

ಮನೆಯಲ್ಲಿ ಮಾತ್ರ ಬೇರೆ ಕಥೆ. "ಕುತ್ತೇಕು ಹಾತ್ ಲಗಾಕೊ ಆಯೀ ಕ್ಯಾ?" ಎಂದು ದಾದಿ ಬಾಗಿಲಲ್ಲೇ ನಿಲ್ಲಿಸಿದರು. ಬಟ್ಟೆ ಬದಲಾಯಿಸಿದ ಮೇಲೆಯೇ ಒಳಗೆ ಪ್ರವೇಶ. ಬಾಯಾರಿದ ನಾಯಿಗೆ ನೀರು ಕೊಟ್ಟವನ ಹದೀಸನ್ನು ಚಿಕ್ಕಂದಿನಲ್ಲಿ ನನಗೆ ಹೇಳಿದ್ದು ಇದೇ ದಾದಿ. ನೆನಪಿಸಿದೆ. "ಅವನು ನಾಯಿಯನ್ನು ಮನೆಗೆ ಕರೆದುಕೊಂಡು ಬರಲಿಲ್ಲ" ಎಂದರು! ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದಕ್ಕಿಂತ ನನ್ನನ್ನು ಚುಚ್ಚಿದ್ದು ಒಬ್ಬ ಸಹಪಾಠಿಯ ಮಾತು. "ನನ್ನ ಪರೀಕ್ಷಾ ಶುಲ್ಕ ಕಟ್ಟಲು ತಡವಾಗಿ ದಂಡ ಬಿತ್ತಲ್ಲ, ಆಗ ಯಾರೂ ಡಬ್ಬಿ ಹಿಡಿದು ಬರಲಿಲ್ಲ" ಎಂದ. ಮನುಷ್ಯರಿಗೇ ಇಲ್ಲ, ನಾಯಿಗೇಕೆ ಎಂದು ಕೇಳುವ ಹಲವರು ಇಬ್ಬರಿಗೂ ಏನೂ ಕೊಡದವರು, ಅವರಿಗೆ ಉತ್ತರ ಕೊಡುವ ಅಗತ್ಯವಿಲ್ಲ. ಇವನು ಅಂಥವನಲ್ಲ, ಕಾಲೂಗೆ ಇಪ್ಪತ್ತು ರೂಪಾಯಿ ಕೊಟ್ಟ ಮೇಲೆ ಈ ಮಾತು ಹೇಳಿದ. ನೋವು ತಿನ್ನುತ್ತಿರುವ ನಾಯಿ ರಸ್ತೆಯಲ್ಲಿ ಎಲ್ಲರಿಗೂ ಕಾಣುತ್ತದೆ, ನಮ್ಮ ಪಕ್ಕದ ಬೆಂಚಿನವನು ತನ್ನ ಕಷ್ಟವನ್ನು ಮುಚ್ಚಿಡುತ್ತಾನೆ. ಕಾಲೂಗೆ ಕೊಟ್ಟದ್ದು ತಪ್ಪು ಎಂದು ನಾನು ಈಗಲೂ ಒಪ್ಪುವುದಿಲ್ಲ. ಆದರೆ ಅವನ ಸಿಟ್ಟು ಸುಳ್ಳಲ್ಲ.

ಇನ್ನು ನಮ್ಮ ತಪ್ಪಿಗೆ ಬರುತ್ತೇನೆ. ಶಿವಮೊಗ್ಗದ ಕ್ಲಿನಿಕ್‌ನಲ್ಲಿ ರಕ್ತ ಪರೀಕ್ಷೆ, ಎಕ್ಸ್‌ರೇ ಆದ ಮೇಲೆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ ದುಡ್ಡಿನದಲ್ಲ. "ಆಪರೇಷನ್ ಆದ ಮೇಲೆ ಇದನ್ನು ಎಲ್ಲಿಡುತ್ತೀರಿ?" ಹೊಲಿಗೆ ಬಿಚ್ಚುವವರೆಗೆ ಸುಮಾರು ಎರಡು ವಾರ ಒಂದೇ ಕಡೆ, ಒಣ ನೆಲದಲ್ಲಿ, ಬೇರೆ ನಾಯಿಗಳಿಲ್ಲದ ಜಾಗದಲ್ಲಿ ಇಡಬೇಕು, ರಸ್ತೆಗೆ ಬಿಟ್ಟರೆ ಹೊಲಿಗೆ ಕಿತ್ತು ಸಾಯುತ್ತದೆ, ಹಾಗೆ ಬಿಡುವುದಾದರೆ ನಾನು ಚಾಕು ಹಿಡಿಯುವುದಿಲ್ಲ ಎಂದರು. ನಾವು ನಾಲ್ವರು ಮುಖ ಮುಖ ನೋಡಿಕೊಂಡೆವು. ಬ್ಯಾಗಿನಲ್ಲಿ ಹದಿನಾಲ್ಕು ಸಾವಿರ ರೂಪಾಯಿ ಇತ್ತು, ಈ ಪ್ರಶ್ನೆಗೆ ಉತ್ತರ ಇರಲಿಲ್ಲ.

ಅಲ್ಲೇ ನಿಂತು ಫೋನ್ ಮಾಡಲು ಶುರು ಮಾಡಿದೆವು. ಚಂದಾ ಕೊಟ್ಟವರಿಗೇ ಮಾಡಿದೆವು. ಇನ್ನೂರು ಬೇಕಾದರೆ ಮತ್ತೆ ಕಳಿಸುತ್ತೇವೆ, ಜಾಗ ಮಾತ್ರ ಕೇಳಬೇಡಿ ಎಂದವರೇ ಹೆಚ್ಚು. ಅವರನ್ನು ದೂರುವ ಹಕ್ಕು ನನಗಿಲ್ಲ, ನಮ್ಮ ಮನೆಯೂ ಕೊಡಲಿಲ್ಲ. ದಾದಿ ನಮಾಜ್ ಮಾಡುವುದು, ನಾವು ಮಲಗುವುದು, ಊಟ ಮಾಡುವುದು ಒಂದೇ ಕೋಣೆಯಲ್ಲಿ. ಕಾಲೇಜಿನ ಹಳೆಯ ಸ್ಟೋರ್ ರೂಮನ್ನು ಕೇಳಿದೆವು. ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಶಾಲಾ ಕಾಲೇಜು, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಿಂದ ಬೀದಿ ನಾಯಿಗಳನ್ನು ತೆಗೆಯಬೇಕು, ಅಲ್ಲಿಗೇ ಮತ್ತೆ ಬಿಡಬಾರದು ಎಂದು ಹೇಳಿರುವುದನ್ನು ಪ್ರಿನ್ಸಿಪಾಲರು ನೆನಪಿಸಿದರು. ಅವರು ಹೇಳಿದ್ದು ಸರಿ. ಹೇಗೂ ತೆಗೆಯಬೇಕಾದ ನಾಯಿ, ಸಾಯಲಿ ಬಿಡಿ ಎಂದು ಫೋನಿನಲ್ಲಿ ಒಬ್ಬರು ಹೇಳಿದ್ದು ಮಾತ್ರ ಸರಿಯಲ್ಲ. ತೆಗೆಯಿರಿ ಎಂದ ಕೋರ್ಟು, ಆ ನಾಯಿಗಳಿಗೆ ಸಂತಾನಹರಣ ಚಿಕಿತ್ಸೆ, ಲಸಿಕೆ ಮಾಡಿಸಿ ಆಶ್ರಯದಲ್ಲಿ ಇಡಿ ಎಂದೂ ಹೇಳಿದೆ.

ಕೊನೆಗೆ ನಮ್ಮನ್ನು ಕರೆತಂದಿದ್ದ ಆಟೋದ ಅಣ್ಣ ತನ್ನ ಮಾಮೂಗೆ ಫೋನ್ ಮಾಡಿದರು. ಅವರದು ಗುಜರಿ ಅಂಗಡಿ. ಚಂದಾ ಕೇಳಲು ಹೋದಾಗ ಕೈಯಲ್ಲಿ ಇಲ್ಲ ಎಂದು ವಾಪಸ್ ಕಳಿಸಿದ್ದವರು ಅವರೇ. "ಲಾವ್, ದೇಖೇಂಗೆ" ಎಂದರು. ಅಷ್ಟೇ.

ಆ ಗುಜರಿ ಚಾಚಾ ಕಾಲೂವನ್ನು ಹದಿನಾರು ದಿನ ತಗಡಿನ ಶೆಡ್ಡಿನಲ್ಲಿ ಇಟ್ಟುಕೊಂಡರು. ನುಣುಪು ನೆಲದಲ್ಲಿ ಮೂರು ಕಾಲು ಜಾರುತ್ತದೆಂದು ಹಳೆಯ ರಬ್ಬರ್ ಶೀಟು ಹಾಸಿದರು. ಹೊಲಿಗೆ ನೆಕ್ಕದಂತೆ ಪೇಂಟ್ ಬಕೆಟ್ಟಿನ ತಳ ಕತ್ತರಿಸಿ ಕುತ್ತಿಗೆಗೆ ತೊಡಿಸಿದರು. ಮೊದಲ ಮೂರು ದಿನ ಅದು ಎದ್ದೇಳಲಿಲ್ಲ, ಮಲಗಿದಲ್ಲೇ ಎಲ್ಲ ಆಗುತ್ತಿತ್ತು. ನಾವು ಸಂಜೆ ಹೋಗಿ ಒಂದು ಗಂಟೆ ಇದ್ದು, ಫೋಟೋ ತೆಗೆದು ಬರುತ್ತಿದ್ದೆವು. ರಾತ್ರಿ ಒದ್ದೆ ಚೀಲ ಬದಲಾಯಿಸಿದವರು, ಮೊಟ್ಟೆಯೊಳಗೆ ಮಾತ್ರೆ ಅಡಗಿಸಿ ತಿನ್ನಿಸಿದವರು ಚಾಚಾ. ಕಾಲೂವಿನ ಹತ್ತಿರ ಹೋಗಲೆಂದೇ ಒಂದು ಹಳೆಯ ಅಂಗಿಯನ್ನು ಮೊಳೆಗೆ ನೇತುಹಾಕಿದ್ದರು. ಅಜಾನ್ ಆದಾಗ ಅದನ್ನು ಬಿಚ್ಚಿಟ್ಟು, ಕೈಕಾಲು ತೊಳೆದು, ಬೇರೆ ಅಂಗಿ ಹಾಕಿಕೊಂಡು ಮಸೀದಿಗೆ ಹೋಗುತ್ತಿದ್ದರು. ನಾನು ಮತ್ತು ದಾದಿ ಒಂದು ವಾರ ವಾದ ಮಾಡಿದ ವಿಷಯ ಅವರಿಗೆ ಒಂದು ಮೊಳೆಯಲ್ಲಿ ಮುಗಿದಿತ್ತು. ಮೌಲಾನಾ ಸಾಹೇಬರೂ ಹೇಳಿದ್ದು ಅದನ್ನೇ, ಜೊಲ್ಲು ತಾಗಿದ್ದನ್ನು ತೊಳೆದುಕೊಳ್ಳಿ ಎಂದು.

ಆ ಹದೀಸನ್ನು ಮತ್ತೆ ಯೋಚಿಸಿ ನೋಡಿದೆ. ಆ ಮನುಷ್ಯ ನೀರು ಕೊಡಿಸಲು ಯಾರಿಗೂ ದುಡ್ಡು ಕೊಡಲಿಲ್ಲ. ತಾನೇ ಬಾವಿಗೆ ಇಳಿದ, ಪಾದರಕ್ಷೆಯಲ್ಲಿ ನೀರು ತುಂಬಿದ, ಅದನ್ನು ಬಾಯಲ್ಲಿ ಕಚ್ಚಿಕೊಂಡು ಹತ್ತಿದ.

ಲೆಕ್ಕವನ್ನು ನಾನೇ ಬರೆದೆ, ನೋಟಿಸ್ ಬೋರ್ಡಿನಲ್ಲಿ ಹಾಕಿದ್ದೇವೆ. ಜಮಾ: ವಿದ್ಯಾರ್ಥಿಗಳಿಂದ 4,310, ಸ್ಟಾಫ್ ರೂಮಿನಿಂದ 3,000, ಅಂಗಡಿಗಳಿಂದ 6,200, ಆಟೋ ಸ್ಟ್ಯಾಂಡಿನಿಂದ 1,150, ಒಟ್ಟು 14,660 ರೂಪಾಯಿ. ಖರ್ಚು: ಆಪರೇಷನ್ ಮತ್ತು ಅರಿವಳಿಕೆ 7,500, ಎಕ್ಸ್‌ರೇ ಮತ್ತು ರಕ್ತ ಪರೀಕ್ಷೆ 1,700, ಔಷಧಿ 2,640, ಆಟೋ 1,200, ಆಹಾರ 980, ಲಸಿಕೆ 350, ಒಟ್ಟು 14,370. ಇದರಲ್ಲಿ ಗುಜರಿ ಚಾಚಾ ಎಲ್ಲಿಯೂ ಇಲ್ಲ. ಹಣದಲ್ಲಿ ಅಳೆಯಲಾಗದ್ದು ಲೆಕ್ಕದ ಪುಸ್ತಕಕ್ಕೆ ಬರುವುದಿಲ್ಲ, ಅದು ಮನಿ ಮೆಷರ್‌ಮೆಂಟ್ ಕಾನ್ಸೆಪ್ಟ್ ಎಂದು ಪ್ರಥಮ ಪಿಯುಸಿಯಲ್ಲಿ ಬಾಯಿಪಾಠ ಮಾಡಿದ್ದೆ, ಅಂಕವೂ ಬಂದಿತ್ತು. ಅದರ ಅರ್ಥ ಈ ವರ್ಷ ಗೊತ್ತಾಯಿತು.

ಆದ್ದರಿಂದ ನಾನು ಕೇಳುವುದಿಷ್ಟು. ಮುಂದೆ ಯಾರಾದರೂ ಬೀದಿ ಪ್ರಾಣಿಗೆ ಡಬ್ಬಿ ಹಿಡಿಯುವ ಮೊದಲು ಅದು ಎರಡು ವಾರ ಎಲ್ಲಿರುತ್ತದೆ, ರಾತ್ರಿ ಯಾರು ನೋಡುತ್ತಾರೆ ಎಂದು ಕಾಗದದಲ್ಲಿ ಹೆಸರು ಬರೆಯಲಿ. ಹೆಸರು ಸಿಗದಿದ್ದರೆ ಚಂದಾ ಎತ್ತಬೇಡಿ, ಮೊದಲು ಹೆಸರು ಹುಡುಕಿ. ನಮ್ಮ ಊರಲ್ಲಿ ಶೆಡ್ಡು, ಗೋದಾಮು, ಖಾಲಿ ಸೈಟು ಇರುವ ಮನೆಯ ವಿದ್ಯಾರ್ಥಿಗಳು ನಮ್ಮ ಕಾಲೇಜಿನಲ್ಲೇ ಎಷ್ಟೋ ಜನ ಇದ್ದೀರಿ. ಐವತ್ತು ರೂಪಾಯಿಗಿಂತ ಅದನ್ನು ಕೊಡಿ.

ಉಳಿದ 290 ರೂಪಾಯಿಯನ್ನು ಆ ಸಹಪಾಠಿಯ ದಂಡಕ್ಕೆ ಕೊಡೋಣ ಎಂದು ನಾನು ಹೇಳಿದೆ. ಒಂದು ಉದ್ದೇಶಕ್ಕೆ ಪಡೆದ ಹಣವನ್ನು ಇನ್ನೊಂದಕ್ಕೆ ಬಳಸಬಾರದು ಎಂದು ಅಕೌಂಟೆನ್ಸಿ ಸರ್ ತಡೆದರು. ಅದು ಕಾಲೂವಿನ ಮುಂದಿನ ವರ್ಷದ ರೇಬಿಸ್ ಲಸಿಕೆಗೆ ಇದೆ. ದಂಡಕ್ಕೆ ಬೇರೆ ಡಬ್ಬಿ ಇಟ್ಟೆವು, ಅವನು ಬೇಡ ಎಂದು ಸಿಟ್ಟು ಮಾಡಿಕೊಂಡಿದ್ದಾನೆ, ಅದಿನ್ನೂ ಇತ್ಯರ್ಥವಾಗಿಲ್ಲ.

ಕಾಲೂ ಈಗ ಗೇಟಿನ ಹತ್ತಿರ ಇಲ್ಲ, ಹುಡುಕಬೇಡಿ. ಗುಜರಿ ಅಂಗಡಿಯಲ್ಲೇ ಉಳಿದುಕೊಂಡಿದೆ. ಕಬ್ಬಿಣ ಮಾರಲು ಬಂದವರ ಮೇಲೆಲ್ಲ ಬೊಗಳಿ ಚಾಚಾ ಕೈಲಿ ಬೈಸಿಕೊಳ್ಳುತ್ತದೆ.