ಕಪ್ಪೆಯ ಹುಳುವೂ ಕನ್ನಡದ ಪೊರೆಯೂ

ವಿಜ್ಞಾನವನ್ನು ಹೇಳಲು ಕನ್ನಡದಲ್ಲಿ ಶಬ್ದಗಳೇ ಇಲ್ಲವೆಂಬ ಮಾತನ್ನು ದಾದರಿನ ಪಾಲಕರಿಂದ ನಾವು ಅನೇಕ ಸಲ ಕೇಳಿದ್ದೇವೆ. ಹಾಗೆ ನಂಬಿ ಮಕ್ಕಳನ್ನು ಬೇರೆ ಮಾಧ್ಯಮಕ್ಕೆ ಸೇರಿಸಿದವರೂ ಉಂಟು. ನಮಗೆ ಈ ಮಾತು ಒಪ್ಪಿಗೆಯಿಲ್ಲ. ಅತಿ ಸೂಕ್ಷ್ಮವಾದ ವಿಷಯವೊಂದನ್ನೇ ಎತ್ತಿಕೊಂಡು ಪರೀಕ್ಷಿಸೋಣ.

ಮಳೆಗಾಲದಲ್ಲಿ ವಟಗುಟ್ಟುವ ನಮ್ಮ ದೊಡ್ಡ ಕಪ್ಪೆಯ ಕರುಳಿನಲ್ಲಿ ಗೇನಿಯೊ ಎಂಬ ಪರೋಪಜೀವಿ ಚಪ್ಪಟೆಹುಳು ವಾಸಿಸುತ್ತದೆ. ಕಪ್ಪೆ ನುಂಗಿದುದೆಲ್ಲ ಅರಗಿಹೋಗುವ ಆ ಸ್ಥಳದಲ್ಲಿ ಈ ಮೆತ್ತನೆಯ ಹುಳು ಮಾತ್ರ ಅರಗದೆ ಉಳಿಯುವುದು ಹೇಗೆ? ಉತ್ತರವು ಅದರ ಮೈಮೇಲೆಯೇ ಇದೆ. ಇಂಥ ಹುಳುಗಳ ಹೊದಿಕೆಯನ್ನು ಹಿಂದಿನ ವಿದ್ವಾಂಸರು ನಿರ್ಜೀವವಾದ ಕವಚವೆಂದು ಬಗೆದಿದ್ದರು. ಎಲೆಕ್ಟ್ರಾನ್ ಸೂಕ್ಷ್ಮದರ್ಶಕ ಬಂದ ಮೇಲೆ ಆ ಎಣಿಕೆ ಬಿದ್ದುಹೋಯಿತು. ದನಕುರಿಗಳ ಯಕೃತ್ತಿನಲ್ಲಿರುವ ಚಪ್ಪಟೆಹುಳುವನ್ನು ಪರೀಕ್ಷಿಸಿ 1963ರಲ್ಲಿ ಥ್ರೆಡ್‌ಗೋಲ್ಡ್ ಎಂಬವರು ಬರೆದಂತೆ, ಅದು ಜೀವಂತವಾದ ಪದರ. ಅದರಲ್ಲಿ ಕೋಶಕೋಶಗಳ ನಡುವೆ ಗೋಡೆಗಳಿಲ್ಲ. ಎಲ್ಲವೂ ಒಂದೇ ಅಖಂಡವಾದ ಹರಹು. ಕೋಶಕೇಂದ್ರಗಳು ಸ್ನಾಯುಗಳ ಕೆಳಗೆ ಅಡಗಿದ್ದು, ಎಳೆಯಂಥ ದಾರಿಗಳ ಮೂಲಕ ಮೇಲಣ ಪದರಕ್ಕೆ ಸಾಮಗ್ರಿಯನ್ನು ಒದಗಿಸುತ್ತವೆ. ಹಲವು ಜಾತಿಗಳಲ್ಲಿ ಮೇಲ್ಮೈಗೆ ಕಿರುಮುಳ್ಳುಗಳೂ ಸ್ಪರ್ಶವನ್ನರಿಯುವ ಗುಬುಟುಗಳೂ ಇರುತ್ತವೆ. ಕಪ್ಪೆಯಲ್ಲಿಯೇ ಸಿಕ್ಕುವ ಲಾಡಿಹುಳುವಿಗಂತೂ ಬಾಯಿಯೂ ಇಲ್ಲ, ಕರುಳೂ ಇಲ್ಲ. ಮೈತುಂಬ ಸೂಕ್ಷ್ಮರೋಮ, ಆ ಮೈಯಿಂದಲೇ ಊಟ. ಪರರ ಮನೆಯಲ್ಲಿ ಕುಳಿತು ಮೈಯೆಲ್ಲ ಬಾಯಾಗಿ ಉಣ್ಣುವವರು ಹುಳುಗಳಲ್ಲಿ ಮಾತ್ರವೇ ಇರುವರೆಂದು ಹೇಳಲಾರೆವು!

ಇಂಥ ಪದರಕ್ಕೆ ಕನ್ನಡದಲ್ಲಿ ಏನೆನ್ನಬೇಕು? ನಾವು 'ಪೊರೆ' ಎನ್ನುತ್ತೇವೆ. ಪೊರೆಯೆಂದರೆ ಹಾವು ಕಳಚಿ ಬಿಸುಟ ಸತ್ತ ತೊಗಲಲ್ಲವೆ ಎಂದು ಕೆಲವರು ಆಕ್ಷೇಪಿಸಬಹುದು. ಆದರೆ ಹಳಗನ್ನಡದಲ್ಲಿ 'ಪೊರೆ' ಧಾತುವೂ ಹೌದು: ಕಾಪಾಡು, ಸಲಹು, ಪೋಷಿಸು ಎಂದು ಅದರ ಅರ್ಥ. ಹುಳುವನ್ನು ಕಾಪಾಡುವುದೂ ಪೋಷಿಸುವುದೂ ಈ ಪದರದ ಕೆಲಸವೇ. ಪ್ರಾಜಿಕ್ವಾಂಟೆಲ್ ಎಂಬ ಔಷಧವು ಅನೇಕ ಚಪ್ಪಟೆಹುಳುಗಳ ಈ ಪೊರೆಯನ್ನೇ ಕೆಡಿಸುತ್ತದೆ. ಪೊರೆ ಕೆಟ್ಟ ಹುಳು ಬಹುಕಾಲ ಬಾಳದು. ಹೊರಗಿನಿಂದ ತಂದ ಯಾವ ಶಬ್ದ ಇಷ್ಟನ್ನು ಒಂದೇ ಉಸಿರಿಗೆ ಹೇಳೀತು?

ಪಂಪಭಾರತವನ್ನು ಸಂಪಾದಿಸಿದ ಬೆಳ್ಳಾವೆ ವೆಂಕಟನಾರಣಪ್ಪನವರೇ 1918ರಲ್ಲಿ 'ವಿಜ್ಞಾನ' ಮಾಸಪತ್ರಿಕೆಯನ್ನು ಹೊರಡಿಸಿದವರಲ್ಲಿ ಪ್ರಮುಖರು. ಅಂದು ಒಬ್ಬರಲ್ಲಿಯೇ ಕೂಡಿದ್ದ ಎರಡು ವಿದ್ಯೆಗಳು ಇಂದು ಬೇರೆ ಬೇರೆ ಕೊಠಡಿಗಳಲ್ಲಿ ಕುಳಿತಿವೆ. ಮಹಾರಾಷ್ಟ್ರದ ಬಾಲಭಾರತಿ ಸಂಸ್ಥೆಯು ಕನ್ನಡದಲ್ಲಿಯೂ ಪಠ್ಯಪುಸ್ತಕಗಳನ್ನು ಪ್ರಕಟಿಸುತ್ತಿರುವುದು ನಮ್ಮ ಭಾಗ್ಯ. ಅದರ ವಿಜ್ಞಾನದ ಪುಸ್ತಕದಲ್ಲಿ ಬರುವ ಪಾರಿಭಾಷಿಕ ಶಬ್ದಗಳನ್ನು ಕನ್ನಡದ ಶಿಕ್ಷಕರೂ ವಿಜ್ಞಾನದ ಶಿಕ್ಷಕರೂ ಕೂಡಿ ಮಕ್ಕಳ ಮುಂದೆ ಬಿಡಿಸಿ ಹೇಳತಕ್ಕದ್ದು. ವಾರಕ್ಕೆ ಒಂದು ತಾಸು ಸಾಕು.